ಕೋಚ್ ಬದಲಾಗಲಿ, ಆದ್ರ ತಕ್ಕಡಿ ಎಲ್ಲಾರಿಗೂ ಒಂದೇ ಇರಲಿ



ಬರೋ ಭಾನುವಾರ ನಮ್ಮ ಯಳವತ್ತಿಯೊಳಗ ಒಂದು ಸಭೆ ಐತಿ. ವಿಷಯ ಒಂದೇ. ನಮ್ಮ ಹುಡುಗೂರ ಕಬಡ್ಡಿ ತಂಡಕ್ಕ ಹದಿನೇಳು ವರ್ಷದಿಂದ ಕಲಿಸಿಕೋತ ಬಂದ ಕಾಕಾನನ್ನ ಇಟ್ಕೋಬೇಕೋ, ಬಿಡಬೇಕೋ. ಸಭೆಗೆ ಮುಂಚೆ ಇದನ್ನ ಬರೀಲಿಕ್ಕತ್ತೇನಿ. ಸ್ವಲ್ಪ ಉದ್ದ ಆಗೇತಿ. ಕಬಡ್ಡಿ ನೋಡದವರೂ ಓದ್ರಿ, ಯಾಕಂದ್ರ ಮಾತು ಅಂಕಣದಾಗಷ್ಟೇ ಮುಗಿಯೋದಲ್ಲ.

ಮೊದಲು ನನ್ನ ಕಡೆಯ ಲೆಕ್ಕ ಹೇಳಿಬಿಡ್ತೇನಿ. 2024ರ ಡಿಸೆಂಬರ್‌ನಾಗ ಬೆಂಗಳೂರು ಬುಲ್ಸ್ ಕೋಚ್ ರಣಧೀರ್ ಸಿಂಗ್ ಸೆಹ್ರಾವತ್ ಅವರನ್ನ ಬದಲಿ ಮಾಡ್ರಿ ಅಂತ ಇದೇ ಜಾಗದಾಗ ಬರೆದವರೊಳಗ ನಾನೂ ಒಬ್ಬ. ಪ್ರೊ ಕಬಡ್ಡಿ ಹನ್ನೊಂದನೇ ಸೀಸನ್ ಅದು. 22 ಪಂದ್ಯ ಆಡಿ ಗೆದ್ದದ್ದು ಎರಡೇ ಎರಡು. ಹನ್ನೆರಡು ತಂಡದಾಗ ಕಟ್ಟಕಡೆಗೆ ನಿಂತಿವಿ. ಹೊತ್ತು ಮುಳುಗಿದ ಮ್ಯಾಲೆ ಮೊಬೈಲ್ ಹಿಡಕೊಂಡು ಕುಂತ್ರ ದಿನಾ ಅದೇ ಸಂಕಟ. ನನ್ನ ಮಗ ಅಂತೂ "ಅಪ್ಪಾ, ಇವತ್ತು ನೋಡೂದು ಬ್ಯಾಡ" ಅಂತಿದ್ದ.

ಲಕ್ಷ್ಮೇಶ್ವರ ಬಸ್ ಸ್ಟ್ಯಾಂಡಿನ ಚಾದಂಗಡಿಯೊಳಗ ಆಗ ಎರಡು ಪಂಗಡ. ಒಂದು ಪಂಗಡ ಹೇಳೋದು: "2014ರಾಗ ಲೀಗ್ ಶುರು ಆದಾಗಿಂದ ಇವರೇ ಕೋಚ್. ಎರಡನೇ ಸೀಸನ್ನಿಗೇ ಫೈನಲ್‌ಗೆ ಒಯ್ದರು. ಆರನೇ ಸೀಸನ್ನಿನಾಗ ಕಪ್ಪು ತಂದುಕೊಟ್ಟರು. ಉಪಕಾರ ಮರೀಬಾರದು." ಮಾತು ಖರೇನೇ. 2019ರ ಜನವರಿ 5ಕ್ಕೆ ಮುಂಬೈನೊಳಗ ಗುಜರಾತ್ ತಂಡವನ್ನ 38-33ರಿಂದ ಸೋಲಿಸಿದ್ದನ್ನ ಯಾರು ಮರೀತಾರ? ಪವನ್ ಸೆಹ್ರಾವತ್ ಒಬ್ಬನೇ 22 ಪಾಯಿಂಟ್ ಹೊಡೆದ ರಾತ್ರಿ ಅದು. ಆ ಪವನ್‌ನನ್ನ ನಂಬಿ ಮುಂದ ಬಿಟ್ಟದ್ದೂ ಇದೇ ರಣಧೀರ್.

ಇನ್ನೊಂದು ಪಂಗಡದ ವಾದ: "ಉಪಕಾರ ಬೇರೆ, ಕೆಲಸ ಬೇರೆ. ಹತ್ತನೇ ಸೀಸನ್ನಿನಾಗೂ ಪ್ಲೇ ಆಫ್‌ಗೆ ಬರಲಿಲ್ಲ. ಭರತ್‌ನನ್ನ ಬಿಟ್ಟುಕೊಟ್ಟು, 70 ಲಕ್ಷ ಕೊಟ್ಟು ಪ್ರದೀಪ್ ನರ್ವಾಲ್‌ನನ್ನ ತಂದು ನಾಯಕನನ್ನ ಮಾಡಿದರು. ಪ್ರದೀಪ್ ದೊಡ್ಡ ಆಟಗಾರ, ಸುಳ್ಳಲ್ಲ, ಆದ್ರ ಕಾಲ ಕಳದಿತ್ತು." ನಾನು ಈ ಪಂಗಡದವ. ಕಡೆಗೆ ರಣಧೀರ್ ಹೋದರು, ನಮ್ಮ ಕರ್ನಾಟಕದವರೇ ಆದ ಬಿ.ಸಿ. ರಮೇಶ್ ಬಂದರು. ಬೆಂಗಾಲ್ ವಾರಿಯರ್ಸ್‌ಗೂ ಪುಣೇರಿ ಪಲ್ಟನ್‌ಗೂ ಕಪ್ಪು ಗೆಲ್ಲಿಸಿಕೊಟ್ಟ ಮನಷ್ಯಾ. 2025ರ ಸೀಸನ್ ಶುರುವಾದಾಗ ಅವರೂ ಸೋತರು. ಮತ್ತ ಅದೇ ಮಂದಿ "ಇವನ್ನೂ ತೆಗೀರಿ" ಅಂತ ಬಾಯಿ ತೆಗೆದರು. ಯಾರೂ ತೆಗೀಲಿಲ್ಲ. ಹಿಂದಿನ ವರ್ಷ ತಳದಾಗಿದ್ದ ತಂಡ ಪ್ಲೇ ಆಫ್‌ಗೆ ಹೋತು.

ಹಂಗಾದ್ರ ಕೋಚ್ ಬದಲಾದ್ರ ಎಲ್ಲಾ ಸರಿ ಹೋಗತೈತೇನು? ಹಂಗೂ ಹೇಳಾಕ ಬರೂದಿಲ್ಲ. ಕ್ರಿಕೆಟ್ ಕಡೆ ನೋಡ್ರಿ. 2024ರ ಐಪಿಎಲ್‌ನಾಗ ನಮ್ಮ ಆರ್‌ಸಿಬಿ ಮೊದಲ ಎಂಟು ಪಂದ್ಯದಾಗ ಗೆದ್ದದ್ದು ಒಂದು. ಕೋಚ್ ಆಂಡಿ ಫ್ಲವರ್ ಅವರಿಗೆ ಅದು ಮೊದಲನೇ ವರ್ಷ. ಬೈದವರಿಗೆ ಲೆಕ್ಕ ಇಲ್ಲ. ಮಾಲೀಕರು ತಡಕೊಂಡರು. ಮುಂದಿನ ಆರೂ ಪಂದ್ಯ ಗೆದ್ದರು, ಪ್ಲೇ ಆಫ್‌ಗೆ ಬಂದರು, 2025ರ ಜೂನ್ 3ಕ್ಕೆ ಕಪ್ಪೂ ಬಂತು. ಇದಕ್ಕ ಉಲ್ಟಾ ಉದಾಹರಣೆನೂ ಅದೇ ಆರ್‌ಸಿಬಿ ಮನಿಯೊಳಗೇ ಐತಿ. ಹೆಣ್ಣುಮಕ್ಕಳ ತಂಡ 2023ರಾಗ ಮೊದಲ ಐದು ಪಂದ್ಯ ಸಾಲಾಗಿ ಸೋತಿತ್ತು. ಕೋಚ್ ಬದಲಾದರು. 2024ರ ಮಾರ್ಚ್‌ನಾಗ ಸ್ಮೃತಿ ಮಂಧಾನ ಕಪ್ಪು ಎತ್ತಿದರು.

ಅಂದ್ರ ತಡಕೊಂಡೂ ಗೆದ್ದಾರ, ಬದಲಿ ಮಾಡಿನೂ ಗೆದ್ದಾರ. ಕೋಚ್‌ನಿಂದ ಏನೂ ಆಗೂದಿಲ್ಲ ಅನ್ನೋ ಮಾತಂತೂ ಸುಳ್ಳು. ನಮ್ಮ ಗದಗಿನ ಸುನೀಲ ಜೋಶಿ ಕೋಚ್ ಆಗಿದ್ದಾಗ 2014ರಾಗ ಜಮ್ಮು-ಕಾಶ್ಮೀರ ತಂಡ ರಣಜಿಯೊಳಗ ಮುಂಬೈನ್ನ ಮುಂಬೈಯೊಳಗೇ ಸೋಲಿಸಿತ್ತು.

ಇವನ್ನೆಲ್ಲಾ ಇಟ್ಕೊಂಡು ನಾನು ಕಂಡುಕೊಂಡದ್ದು ಇಷ್ಟು. ಕೋಚ್‌ನ ತೆಗೆಯೂ ಮುಂಚೆ ಮೂರು ಪ್ರಶ್ನೆ ಕೇಳಬೇಕು. ಒಂದು, ಅವರ ಕೈಯಾಗ ಏನೇನು ಅಧಿಕಾರ ಇತ್ತು? ಎರಡು, ಅವರಿಗೆ ಎಷ್ಟು ಅವಕಾಶ ಸಿಕ್ಕಿತ್ತು? ಮೂರು, ಅವರ ಮಾತು ಕೇಳೀವೇನು?

ರಣಧೀರ್ ವಿಷಯದಾಗ ಉತ್ತರ ಸ್ಪಷ್ಟ ಇತ್ತು. ಆಟಗಾರರನ್ನ ಆರಿಸೂದ್ರಾಗ ಅವರ ಮಾತು ನಡೀತಿತ್ತು. ಹನ್ನೊಂದು ಸೀಸನ್ ಸಿಕ್ಕಿತ್ತು. ಪ್ರತಿ ಸೋಲಿನ ಮ್ಯಾಲೆ ಅವರ ಮುಂದ ಮೈಕ್ ಇರ್ತಿತ್ತು. ಹಂಗಾಗಿ ಅವರು ಹೋದದ್ದು ಅನ್ಯಾಯ ಅಂತ ನನಗ ಅನಿಸೂದಿಲ್ಲ. ಗೌರವದಿಂದ ಬಂದರು, ಗೌರವದಿಂದ ಹೋದರು.

ಈಗ ನಮ್ಮೂರಿಗೆ ಬರ್ರಿ.

ನಮ್ಮ ಕಾಕಾ ಗೌಂಡಿ ಕೆಲಸದವ. ನಮ್ಮ ಕೇರಿಯವ. ಹಗಲೆಲ್ಲಾ ಇಟ್ಟಂಗಿ ಹೊತ್ತು ಸಂಜಿಮುಂದ ಮೈ ತೊಳಕೊಂಡು ಅಂಕಣಕ್ಕ ಬರ್ತಿದ್ದ. ಸುಣ್ಣದ ಗೆರಿ ಹಾಕೋದೂ ಅವನೇ, ಕಲ್ಲು ಆರಿಸೋದೂ ಅವನೇ. ಕೇರಿ ಹುಡುಗೂರು, ಊರ ಹುಡುಗೂರು ಎಲ್ಲಾರೂ ಒಬ್ಬರ ಕಾಲು ಒಬ್ಬರು ಹಿಡಿಯೋದನ್ನ ಕಲಿತದ್ದು ಅಲ್ಲೇ. ಕಬಡ್ಡಿಯೊಳಗ ಮುಟ್ಟಲಾರದೆ ಆಡಾಕ ಬರೂದಿಲ್ಲ ನೋಡ್ರಿ. ಹದಿನೇಳು ವರ್ಷಕ್ಕ ಅವನಿಗೆ ಸಿಕ್ಕ ಸಂಬಳ ಸೊನ್ನೆ. ಎರಡು ಸಲ ಶಾಲು ಹೊದಿಸ್ಯಾರ.

ಈ ವರ್ಷ ಹೊನಲು ಬೆಳಕಿನ ಪಂದ್ಯಾವಳಿಯೊಳಗ ನಮ್ಮ ತಂಡ ಮೊದಲನೇ ಸುತ್ತಿಗೇ ಸೋತು ಮನಿಗೆ ಬಂತು. ಖರೆ. ಆದ್ರ ಚಲೋ ರೇಡ್ ಮಾಡೋ ಇಬ್ಬರಾಗ ಒಬ್ಬ ಗೋವಾಕ್ಕ ದುಡಿಯಾಕ ಹೋಗ್ಯಾನ, ಇನ್ನೊಬ್ಬ ಪೊಲೀಸ್ ಭರ್ತಿ ಪರೀಕ್ಷೆಗೆ ಧಾರವಾಡದಾಗ ರೂಮ್ ಮಾಡ್ಯಾನ. ಯಾರನ್ನ ಆಡಿಸಬೇಕು, ಯಾರು ಕ್ಯಾಪ್ಟನ್ ಅಂತ ಆರಿಸಿದ್ದು ಕಮಿಟಿ. ಪಂದ್ಯದ ಹಿಂದಿನ ರಾತ್ರಿ ಪಟ್ಟಿ ಕಾಕಾನ ಕೈಗೆ ಬಂತು. "ಎಡಗಡೆ ಕಾರ್ನರ್‌ಗೆ ಈ ಹುಡುಗ ಆಗೂದಿಲ್ರಿ" ಅಂತ ಹೇಳಿದ್ದಕ್ಕ "ನೀ ಕಲಿಸೋದಷ್ಟ ನೋಡು" ಅಂದರು. ಸೋತ ಮ್ಯಾಲೆ ಸೋಲು ಮಾತ್ರ ಪೂರ್ತಿ ಅವನದಾತು.

ಮರುದಿನ ಊರ ವಾಟ್ಸಾಪ್ ಗ್ರೂಪಿನಾಗ ಒಬ್ಬರು ಬರೆದರು: "ಅವ್ರ ಕೈಯಾಗ ಕೊಟ್ರ ಹಿಂಗ ಆಗೋದು."

ಈ "ಅವ್ರ" ಅನ್ನೋ ಶಬ್ದ ಓದಿ ನನಗ ಆ ರಾತ್ರಿ ನಿದ್ದಿ ಹತ್ತಲಿಲ್ಲ. ರಣಧೀರ್ ಸೋತಾಗ ನಾವು ರಣಧೀರ್‌ನನ್ನ ಬೈದಿವಿ, ಅವರ ಲೆಕ್ಕಾಚಾರ ಬೈದಿವಿ, ಅವರು ಆರಿಸಿದ ರೇಡರ್‌ಗಳನ್ನ ಬೈದಿವಿ. ನಮ್ಮ ಕಾಕಾ ಸೋತಾಗ ಇಡೀ ಕೇರಿ ಸೋತಂಗಾತು. ಅವನು ತಂಡವನ್ನ ಸತತ ಮೂರು ವರ್ಷ ಢಾಲು ಗೆಲ್ಲಿಸಿದಾಗ ಯಾರೂ "ಅವ್ರ ಕೈಯಾಗ ಕೊಟ್ರ ಹಿಂಗ ಆಗೋದು" ಅಂತ ಬರೀಲಿಲ್ಲ. ಗೆದ್ದಾಗ ಊರು, ಸೋತಾಗ ಕೇರಿ. ಇದು ಯಾವ ತಕ್ಕಡಿ?

ಈ ತಕ್ಕಡಿ ಹಳೇದು. ಪಾಲ್ವಂಕರ್ ಬಾಳೂ ಹೆಸರು ನಮ್ಮ ಹುಡುಗೂರೊಳಗ ಎಷ್ಟು ಮಂದಿಗೆ ಗೊತ್ತು? ಹುಟ್ಟಿದ್ದು ನಮ್ಮ ಧಾರವಾಡದಾಗ, 1876ರಾಗ. ಚಮ್ಮಾರ ಸಮುದಾಯದವರು. ಪುಣೆಯ ಕ್ರಿಕೆಟ್ ಮೈದಾನದಾಗ ಕೂಲಿ ಮಾಡಿಕೋತ, ಬ್ರಿಟಿಷ್ ಸಾಹೇಬರಿಗೆ ಚೆಂಡು ಎಸೆದು ಎಸೆದು ಬೌಲಿಂಗ್ ಕಲಿತರು. ಹಿಂದೂ ತಂಡಕ್ಕ ಇಂಥಾ ಬೌಲರ್ ಬೇಕಾತು. ಮೈದಾನದಾಗ ಅವರು ಎಸೆದ ಚೆಂಡು ಎಲ್ಲಾರಿಗೂ ನಡೀತಿತ್ತು, ಚಾ ಮಾತ್ರ ಹೊರಗ, ಬೇರೆ ಮಣ್ಣಿನ ಕುಡಿಕೆಯೊಳಗ. 1906ರಾಗ ಯುರೋಪಿಯನ್ನರನ್ನ ಸೋಲಿಸಿದ ತಂಡದಾಗ ಅವರಿದ್ದರು. 1911ರ ಇಂಗ್ಲೆಂಡ್ ಪ್ರವಾಸದಾಗ ನೂರಕ್ಕಿಂತ ಹೆಚ್ಚು ವಿಕೆಟ್ ತಗೊಂಡರು. ಆದರೂ ನಾಯಕನ ಪಟ್ಟ ಅವರಿಗೆ ಒಮ್ಮೆಯೂ ಸಿಗಲಿಲ್ಲ. 1920ರಾಗ ಇದೇ ನಾಯಕತ್ವದ ವಿಷಯಕ್ಕ ತಮ್ಮಂದಿರಾದ ವಿಠ್ಠಲ್, ಶಿವರಾಮ್ ಪ್ರತಿಭಟಿಸಿ ಆಟ ಬಿಟ್ಟು ನಿಂತರು. 1923ರಾಗ ವಿಠ್ಠಲ್ ನಾಯಕರಾದರು, ತಂಡನೂ ಗೆದ್ದಿತು.

ಬಾಳೂ ಅವರಿಗೆ ಗೆದ್ದರೂ ಪಟ್ಟ ಸಿಗಲಿಲ್ಲ. ನಮ್ಮ ಕಾಕಾಗ ಒಮ್ಮೆ ಸೋತಿದ್ದಕ್ಕ ಇದ್ದ ಜಾಗಾನೂ ಹೊಂಟೈತಿ. ಪ್ರತಿಭೆ ಪ್ರತಿಭೆ ಅನ್ನೋರು ಈ ನೂರು ವರ್ಷದ ಲೆಕ್ಕಾನೂ ಒಮ್ಮೆ ನೋಡ್ರಿ.

ಇಷ್ಟು ಬರೆದ ಮ್ಯಾಲೆ ಕೆಲವರು "ಹಂಗಾದ್ರ ನಿಮ್ಮವ ಅಂತ ಸಾಯೂ ತನಕ ಇಟ್ಕೋಬೇಕೇನು?" ಅಂತ ಕೇಳ್ತಾರ. ಬ್ಯಾಡ್ರಿ. ನಾನು ಹಂಗ ಹೇಳೋನಲ್ಲ. 1949ರ ನವೆಂಬರ್ 25ರ ಭಾಷಣದಾಗ ಬಾಬಾಸಾಹೇಬರು ವ್ಯಕ್ತಿಪೂಜೆ ರಾಜಕೀಯವನ್ನ ಸರ್ವಾಧಿಕಾರಕ್ಕ ಒಯ್ಯತೈತಿ ಅಂತ ಎಚ್ಚರ ಹೇಳ್ಯಾರ. ಆ ಮಾತು ಕಬಡ್ಡಿ ಅಂಕಣಕ್ಕೂ ಲಾಗೂ. ಬುಲ್ಸ್ ಕೋಚ್‌ಗೂ ಲಾಗೂ, ನನ್ನ ಕಾಕಾಗೂ ಲಾಗೂ. ಹೊಸ ಕೋಚ್ ಅಂತ ಹೆಸರು ಬಂದಿರೋ ಹುಡುಗ ಬಿ.ಪಿ.ಎಡ್ ಮಾಡ್ಯಾನ, ಮ್ಯಾಟ್ ಮ್ಯಾಲೆ ಆಡ್ಯಾನ, ಕಲಿತದ್ದು ಐತಿ. ನಮ್ಮ ಹುಡುಗೂರಿಗೆ ಅದು ಬೇಕು. ದೊಡ್ಡವರ ಮನಿಯವ ಅನ್ನೋ ಒಂದೇ ಕಾರಣಕ್ಕ ಅವನನ್ನ ಬ್ಯಾಡ ಅಂದ್ರ ನಾನೂ ಅದೇ ಹಳೇ ತಕ್ಕಡಿ ಹಿಡಿದಂಗ ಆಗತೈತಿ.

ನನ್ನ ತಕರಾರು ರೀತಿಯ ಮ್ಯಾಲೆ. ನಾನು ಗುಮಾಸ್ತ. ಇಪ್ಪತ್ತು ವರ್ಷದಿಂದ ಫೈಲು ನೋಡೀನಿ. ಒಬ್ಬ ಜವಾನನ ಮ್ಯಾಲೆ ಕ್ರಮ ತಗೋಬೇಕಂದ್ರೂ ಮೊದಲು ಕಾರಣ ಕೇಳಿ ನೋಟಿಸ್ ಕೊಡಬೇಕು, ಅವನ ಉತ್ತರ ಫೈಲಿಗೆ ಹಚ್ಚಬೇಕು. ಸರ್ಕಾರಿ ನೌಕರನನ್ನ ಅವನ ಅಹವಾಲು ಕೇಳದೆ ವಜಾ ಮಾಡಾಕ ಬರೂದಿಲ್ಲ ಅಂತ ಸಂವಿಧಾನದ 311ನೇ ವಿಧಿ ಹೇಳತೈತಿ. ಸಂಬಳ ತಗೊಳ್ಳೋ ನಮಗ ಇಷ್ಟು ರಕ್ಷಣೆ ಇದ್ರ, ಸಂಬಳ ಇಲ್ಲದ ದುಡಿದವನಿಗೆ ಒಂದು ಮಾತು ಕೇಳೋ ಸೌಜನ್ಯ ಬ್ಯಾಡೇನು?

ಮೊನ್ನೆ ಕಾಕಾನ ಮನಿಗೆ ಹೋಗಿದ್ದೆ. ಸಿಟ್ಟಿನಾಗ ಇರ್ತಾನ ಅಂದ್ಕೊಂಡಿದ್ದೆ. ಕಟ್ಟಿ ಮ್ಯಾಲೆ ಕುಂತು ಎಲಿ-ಅಡಕಿ ಹಾಕ್ಕೋತ ಹೇಳಿದ:

"ಹೊಸಬ ಬರಲಿ ಬಿಡೋ ತಮ್ಮಾ. ನನಗೂ ಮೊಣಕಾಲು ಹಿಡಿತಾವ. ಆದ್ರ ನನ್ನ ಕರದು ಹೇಳಾಕ ಏನಾಗಿತ್ತು? ಮೊಮ್ಮಗ ಮೊಬೈಲ್ ನೋಡಿ ಹೇಳಿದ ಮ್ಯಾಲೆ ನನಗ ಗೊತ್ತಾತು."

ನನ್ನ ತಲಿ ತಗ್ಗಿತು. ಯಾಕಂದ್ರ ಕಮಿಟಿಯ ಠರಾವು ಪುಸ್ತಕ ಬರೆಯೋನು ನಾನೇ. ಹಿಂದಿನ ಪುಟ ತಿರುವಿ ನೋಡಿದೆ. ಪೆಂಡಾಲಿನವರಿಗೆ, ಮೈಕಿನವರಿಗೆ, ದೇಣಿಗೆ ಕೊಟ್ಟವರಿಗೆ ಧನ್ಯವಾದ ಬರದೇನಿ. ಕಾಕಾನ ಹೆಸರು ಎಲ್ಲೂ ಇಲ್ಲ. ನಮ್ಮವನೇ ಅಲ್ಲಾ ಅಂತ ನಾನೇ ಬಿಟ್ಟಿದ್ದೆ. ಬ್ಯಾರೆಯವರನ್ನ ಬೈಯೂ ಮುಂಚೆ ಈ ತಪ್ಪು ನನ್ನದು ಅಂತ ಒಪ್ಪಿಕೊಳ್ತೇನಿ.

ಭಾನುವಾರ ನಾನು ಸಭೆಯ ಮುಂದ ಇಡೋದು ಇಷ್ಟು:

ಮೊದಲು ಕಾಕಾ ಮಾತಾಡಬೇಕು. ಅವನ ಮಾತು ಠರಾವಿನಾಗ ಬರೀಬೇಕು.

ಆಟಗಾರರನ್ನ ಆರಿಸೋ ಹಕ್ಕು ಕೋಚ್‌ಗೇ ಇರಬೇಕು, ಅವನು ಯಾರೇ ಆಗಲಿ. ಅಧಿಕಾರ ಕಮಿಟಿದು, ಅಪವಾದ ಕೋಚ್‌ದು ಅನ್ನೋದು ನಿಲ್ಲಬೇಕು.

ಕೋಚ್‌ಗೆ ತಿಂಗಳಿಗಿಷ್ಟು ಅಂತ ಗೌರವಧನ ಗೊತ್ತು ಮಾಡಬೇಕು. ಹೊಸಬನಿಗೆ ಕೊಡೋದಾದ್ರ ಹಳಬ ದುಡಿದದ್ದಕ್ಕೂ ಏನಾದ್ರೂ ಕೊಡಬೇಕು.

ಒಂದು ವರ್ಷ ಇಬ್ಬರೂ ಕೂಡಿ ಕಲಿಸಲಿ. ಮುಂದಿನ ಪಂದ್ಯಾವಳಿ ಆದ ಮ್ಯಾಲೆ ಮತ್ತ ಕುಂತು ಮಾತಾಡೋಣ. ಆಗ ಕಾಕಾನನ್ನ ಬಿಡಬೇಕು ಅನಿಸಿದ್ರ ಮೊದಲು ಕೈ ಎತ್ತೋನು ನಾನೇ. ಹೊಸಬ ಸೋತ್ರ ಅವನಿಗೂ ಇದೇ ಮೂರು ಪ್ರಶ್ನೆ.

ಮತ್ತ "ಅವ್ರ ಕೈಯಾಗ ಕೊಟ್ರ" ಅಂತ ಬರೆದವರು ಸಭೆಯೊಳಗ ಆ ಮಾತು ವಾಪಸ್ ತಗೋಬೇಕು. ಇದೊಂದ್ರಾಗ ರಾಜಿ ಇಲ್ಲ.

ಊರ ಹಿರಿಯರು, ನಮ್ಮ ಹುಡುಗೂರು ಎಲ್ಲಾರೂ ಬರ್ರಿ. ಬೆಂಗಳೂರು ತಂಡದ ಕೋಚ್ ಬಗ್ಗೆ ರಾತ್ರಿ ಹನ್ನೆರಡರ ತನಕ ವಾದ ಮಾಡೋ ನಾವು, ನಮ್ಮ ಅಂಕಣಕ್ಕ ಗೆರಿ ಹಾಕಿದವನ ಸಲುವಾಗಿ ಒಂದು ತಾಸು ಕುಂದರಬಹುದು.

ಠರಾವು ಪುಸ್ತಕ ನಾ ತರ್ತೇನಿ. ಈ ಸಲ ಮೊದಲನೇ ಸಾಲಿಗೇ ಕಾಕಾನ ಹೆಸರು ಬರೀತೇನಿ.

ಜೈ ಭೀಮ್. ಜೈ ಸಂವಿಧಾನ.