39 ದಿನದಲ್ಲಿ ಒಬ್ಬ ಕೋಚ್‌ನ ಅಳೆಯೋಕಾಗುತ್ತಾ?

ಮೊದಲ ಫೋಟೋ ಬಿಲ್ಬಾವೊದ್ದು, 2025ರ ಮೇ 21. ಟಾಟನ್‌ಹ್ಯಾಮ್‌ಗೆ ಯುರೋಪಾ ಲೀಗ್ ಕಪ್ ಗೆದ್ದುಕೊಟ್ಟ ಆಂಜ್ ಪೊಸ್ಟೆಕೊಗ್ಲು. ಎರಡನೇದು ಅದೇ ವರ್ಷದ ಅಕ್ಟೋಬರ್ 18. ಈಗ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಕೋಚ್. ಸ್ವಂತ ಮೈದಾನದಲ್ಲೇ ಚೆಲ್ಸಿ ಎದುರು 0-3. ಮ್ಯಾಚ್ ಮುಗಿದು ಅರ್ಧ ಗಂಟೆ ಆಗಿರಲಿಲ್ಲ, ಕೆಲಸ ಹೋಯ್ತು. ಎರಡು ಫೋಟೋ ನಡುವೆ ಐದು ತಿಂಗಳೂ ಇಲ್ಲ!

ಅವತ್ತು ನಮ್ಮ ಕ್ಲಾಸ್ ಗ್ರೂಪಲ್ಲಿ ಬಂದ ಮೀಮ್‌ಗಳು ನೆನಪಿದೆ ತಾನೇ? ನಾನೂ ಒಂದೆರಡಕ್ಕೆ ನಗೋ ಇಮೋಜಿ ಒತ್ತಿದ್ದೆ, ಸುಳ್ಳು ಹೇಳಲ್ಲ. 39 ದಿನ, ಎಂಟು ಮ್ಯಾಚ್, ಒಂದೂ ಗೆಲುವಿಲ್ಲ ಅಂದ್ರೆ ಜೋಕ್ ತಾನಾಗೇ ಹುಟ್ಟುತ್ತೆ. ಆದ್ರೆ ಈ ಮನುಷ್ಯನ ಹಳೇ ಕಥೆ ಓದಿದ ಮೇಲೆ ನನಗೆ ಅನಿಸಿದ್ದು, ಇವರನ್ನ ಕೊನೇ ಸ್ಕೋರ್ ನೋಡಿ ಮುಗಿಸಿದವರು ಹಿಂದೆಯೂ ಒಮ್ಮೆ ಪೂರ್ತಿ ಎಡವಿದ್ದರು.

ಹುಟ್ಟಿದ್ದು ಅಥೆನ್ಸ್‌ನಲ್ಲಿ, 1965ರಲ್ಲಿ. 1967ರಲ್ಲಿ ಗ್ರೀಸ್‌ನಲ್ಲಿ ಸೇನೆ ಅಧಿಕಾರ ಹಿಡಿದಾಗ ಅಪ್ಪನ ವ್ಯಾಪಾರ ಮುಳುಗಿತು. ಮಗನಿಗೆ ಐದು ವರ್ಷ ಇದ್ದಾಗ ಸಂಸಾರ ಹಡಗು ಹತ್ತಿ ಮೆಲ್ಬರ್ನ್‌ಗೆ ಬಂತು. ಭಾಷೆ ಬರದ ಊರು, ದಿನವಿಡೀ ದುಡಿತ. ಅಪ್ಪ ಮಗ ಸರಿಯಾಗಿ ಒಟ್ಟಿಗೆ ಕೂರ್ತಿದ್ದದ್ದು ಫುಟ್‌ಬಾಲ್ ನೋಡುವಾಗ ಮಾತ್ರ. ಅಪ್ಪನಿಗೆ ಚೆಂದದ ಆಟ ಬೇಕು, ಎದುರಾಳಿ ಮೇಲೆ ಏರಿ ಹೋಗೋ ಆಟ. ಅಪ್ಪ ಕೂತು ಖುಷಿಪಡೋ ಥರ ನನ್ನ ಟೀಮ್ ಆಡಬೇಕು ಅಂತ ಆಂಜ್ ಎಷ್ಟೋ ಸಲ ಹೇಳಿದ್ದಾರೆ. ಜನ ಬೈಯೋ ಆ ಹಠ ಇದೆಯಲ್ಲ, ಅದರ ಮೂಲ ಇದು.

ಆಡಿದ್ದು ಸೌತ್ ಮೆಲ್ಬರ್ನ್ ಹೆಲಾಸ್‌ಗೆ, ಗ್ರೀಕ್ ವಲಸಿಗರು ಕಟ್ಟಿದ ಕ್ಲಬ್. ಡಿಫೆಂಡರ್, ಆಮೇಲೆ ಕ್ಯಾಪ್ಟನ್. ಅಲ್ಲಿಗೆ ಕೋಚ್ ಆಗಿ ಬಂದವರು ಯಾರು ಗೊತ್ತಾ? ಫೆರೆಂಕ್ ಪುಷ್ಕಾಶ್! ಹೌದು, ಈಗ ಫಿಫಾ ಬೆಸ್ಟ್ ಗೋಲ್ ಅವಾರ್ಡ್‌ಗೆ ಅವರದೇ ಹೆಸರು. ಪುಷ್ಕಾಶ್‌ಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ಆದ್ರೆ ಗ್ರೀಸ್‌ನಲ್ಲಿ ಕೋಚ್ ಆಗಿದ್ದರಿಂದ ಗ್ರೀಕ್ ಬರ್ತಿತ್ತು. ಹಾಗಾಗಿ ಆಂಜ್ ಅವರ ದುಭಾಷಿ, ಕಾರ್ ಡ್ರೈವರ್ ಎಲ್ಲಾ ಆದರು. ಮನೆಯಲ್ಲಿ ಮಾತಾಡೋ ಭಾಷೆಯಿಂದಲೇ ಇಂಥ ಕ್ಲಾಸ್ ಸಿಕ್ತು ನೋಡಿ. 1991ರಲ್ಲಿ ಲೀಗ್ ಗೆದ್ದರು. ಮಂಡಿ ಏಟಿನಿಂದ ಆಟ 27ಕ್ಕೇ ಮುಗಿಯಿತು.

ಅದೇ ಕ್ಲಬ್‌ಗೆ ಕೋಚ್ ಆಗಿ ಎರಡು ಲೀಗ್ ಗೆದ್ದರು. ಆಮೇಲೆ ಆಸ್ಟ್ರೇಲಿಯಾ ಯೂತ್ ಟೀಮ್. ಅಲ್ಲಿ ಬಿದ್ದರು. 2007ರ ಅಂಡರ್-20 ವಿಶ್ವಕಪ್‌ಗೆ ಟೀಮ್ ಅರ್ಹತೆ ಪಡೀಲಿಲ್ಲ. ಮಾಜಿ ಆಟಗಾರ ಕ್ರೇಗ್ ಫಾಸ್ಟರ್ ಟಿವಿ ಲೈವ್‌ನಲ್ಲೇ ಜಾಡಿಸಿದ್ರು, ಇವರೂ ಬಿಡಲಿಲ್ಲ. ಕೆಲಸ ಹೋಯ್ತು. ಎರಡು ವರ್ಷ ದೊಡ್ಡ ಕ್ಲಬ್ ಯಾವುದೂ ಕರೀಲಿಲ್ಲ. ಗ್ರೀಸ್‌ನಲ್ಲಿ ಮೂರನೇ ದರ್ಜೆಯ ಪನಖೈಕಿ, ಆಮೇಲೆ ಮೆಲ್ಬರ್ನ್‌ನ ಒಂದು ಲೋಕಲ್ ಟೀಮ್, ಮಧ್ಯೆ ಟಿವಿಯಲ್ಲಿ ಕೂತು ಬೇರೆಯವರ ಮ್ಯಾಚ್ ಬಗ್ಗೆ ಮಾತು. ವಿಕಿಪೀಡಿಯಾದಲ್ಲಿ ಈ ಭಾಗ ಬೆರಳಲ್ಲಿ ಒಂದು ಸಲ ತಳ್ಳಿದ್ರೆ ಮುಗೀತು. ಬದುಕಿದವರಿಗೆ ಎರಡು ವರ್ಷ.

2009ರಲ್ಲಿ ಬ್ರಿಸ್ಬೇನ್ ರೋರ್ ಕರೀತು. ಹೋದವರೇ ಹೆಸರಾಂತ ಹಿರಿಯರನ್ನ ಹೊರಗೆ ಕಳಿಸಿ, ಪಾಸ್ ಆಡೋ ಹುಡುಗರನ್ನ ಇಟ್ಟುಕೊಂಡರು. ಮೊದಲ ಸೀಸನ್ ಸುಮಾರು. ಎರಡನೇದರಲ್ಲಿ ಚಾಂಪಿಯನ್. 2011ರ ಫೈನಲ್‌ನಲ್ಲಿ ಎಕ್ಸ್‌ಟ್ರಾ ಟೈಮ್ ಮುಗಿಯೋಕೆ ನಾಲ್ಕೇ ನಿಮಿಷ, 0-2 ಹಿಂದೆ. ಎರಡು ಗೋಲ್ ಹೊಡೆದು, ಪೆನಾಲ್ಟಿಯಲ್ಲಿ ಗೆದ್ದರು! ಸತತ 36 ಮ್ಯಾಚ್ ಸೋಲಿಲ್ಲ. ಮುಂದಿನದೆಲ್ಲಾ ನಿಮಗೆ ಗೊತ್ತಿರೋದೇ: 2015ರ ಏಷ್ಯನ್ ಕಪ್, 2019ರ ಜಪಾನ್ ಲೀಗ್, ಸೆಲ್ಟಿಕ್‌ನಲ್ಲಿ ಎರಡು ವರ್ಷಕ್ಕೆ ಐದು ಟ್ರೋಫಿ.

ಈಗ ಟಾಟನ್‌ಹ್ಯಾಮ್. ಅಭಿಮಾನಿ ಅಂತ ಕುರುಡಾಗಲ್ಲ. ಎರಡನೇ ಸೀಸನ್ ಲೀಗ್‌ನಲ್ಲಿ 17ನೇ ಸ್ಥಾನ, 38ರಲ್ಲಿ 22 ಸೋಲು. ಗಾಯಾಳುಗಳ ಲಿಸ್ಟ್ ಉದ್ದ ಇತ್ತು, 18ರ ಮಿಡ್‌ಫೀಲ್ಡರ್ ಹುಡುಗ ಆರ್ಚಿ ಗ್ರೇ ಸೆಂಟರ್ ಬ್ಯಾಕ್ ಆಡಿದ. ಆದ್ರೂ ಅಷ್ಟು ಜನ ಬೀಳೋ ತನಕ ಅದೇ ವೇಗದ ಆಟ ಬಿಡದೆ ಇದ್ದದ್ದು ಇವರದೇ ತಪ್ಪು. ಇದಕ್ಕೆ ನನ್ನ ಹತ್ರ ಉತ್ತರ ಇಲ್ಲ.

ಆದ್ರೆ ಬಿಲ್ಬಾವೊ ಫೈನಲ್ ಮತ್ತೆ ನೋಡಿ. ನಮ್ಮಲ್ಲಿ ರಾತ್ರಿ ಹನ್ನೆರಡೂವರೆ, ಹಾಸ್ಟೆಲ್‌ನಲ್ಲಿ ಒಂದೇ ಲ್ಯಾಪ್‌ಟಾಪ್‌ಗೆ ಆರು ತಲೆ. ಹಠಮಾರಿ ಅನ್ನಿಸಿಕೊಂಡ ಕೋಚ್ ಅವತ್ತು ಟೀಮನ್ನ ಹಿಂದೆ ಕೂರಿಸಿದ್ದರು. ಚೆಂಡು ಹೆಚ್ಚು ಹೊತ್ತು ಇದ್ದದ್ದು ಮ್ಯಾಂಚೆಸ್ಟರ್ ಯುನೈಟೆಡ್ ಹತ್ರ. ಜಾನ್ಸನ್ ಗೋಲ್ ಬಿಟ್ರೆ, ನೆನಪಿರೋದು ವ್ಯಾನ್ ಡೆ ವೆನ್ ಗಾಳಿಯಲ್ಲಿ ಹಾರಿ ಗೋಲ್ ಗೆರೆ ಮೇಲಿಂದ ಚೆಂಡು ಒದ್ದದ್ದು. 1-0. ಕ್ಲಬ್‌ಗೆ 17 ವರ್ಷದ ಮೇಲೆ ಟ್ರೋಫಿ, ಜೊತೆಗೆ ಚಾಂಪಿಯನ್ಸ್ ಲೀಗ್ ಟಿಕೆಟ್. ಬದಲಾಗೋಕೇ ಬರಲ್ಲ ಅಂದವರು ಈ ಮ್ಯಾಚನ್ನ ಎಲ್ಲಿ ಇಡ್ತಾರೆ?

ಹದಿನಾರು ದಿನಕ್ಕೆ ತೆಗೆದರು. ನನ್ನ ಪ್ರಕಾರ ತಪ್ಪು. ಟ್ರೋಫಿ ಗೆಲ್ಲಲಿ ಅಂತ ಕರೆದಿರಿ, ಗೆದ್ದರು. ಇನ್ನೊಂದು ಸೀಸನ್ ನೋಡಬಹುದಿತ್ತು. ಫಾರೆಸ್ಟ್ ವಿಷಯದಲ್ಲಿ ತಪ್ಪು ಇನ್ನೂ ದೊಡ್ಡದು. ಹಿಂದಿನ ಕೋಚ್ ಹಿಂದೆ ನಿಂತು ಡಿಫೆಂಡ್ ಮಾಡಿ ಗೆದ್ದಿದ್ದ ಟೀಮ್ ಅದು. ಅದಕ್ಕೆ ಸೀಸನ್ ಶುರುವಾದ ಮೇಲೆ ಇವರನ್ನ ತಂದು, 39 ದಿನದಲ್ಲಿ ಬೇರೆ ಆಟ ಕೇಳಿದರೆ ಹೇಗೆ? ಒಪ್ಪಿಕೊಂಡು ಹೋದದ್ದು ಇವರ ತಪ್ಪೂ ಹೌದು, ಅದೂ ಹೇಳ್ಬೇಕು.

ಮೂರನೇ ಫೋಟೋ ನಾನೇ ಮಾಡಿದ ಲಿಸ್ಟ್, 2007ರಿಂದ 2011. ಅದನ್ನ ನೋಡಿ ಆಮೇಲೆ ಕಾಮೆಂಟ್ ಹಾಕಿ. ಬೈಯೋರಿಗೂ ಜಾಗ ಇದೆ ಕಣ್ರೋ, ಆದ್ರೆ ಆ ಹಳೇ ಮೀಮ್ ಮತ್ತೆ ಬೇಡ.