ಮದ್ದಿಗೆ ಮಣಿಯದ ರೋಗಾಣುವಿನ ವಂಶಾವಳಿ



ಹಳೆಯ ತಾಡೋಲೆಗಳನ್ನು ಪರಿಷ್ಕರಿಸುವ ವಿದ್ವಾಂಸರಿಗೆ ಒಂದು ಸೂತ್ರ ಚಿರಪರಿಚಿತ. ಒಂದೇ ಗ್ರಂಥದ ಹತ್ತು ಪ್ರತಿಗಳು ದೊರೆತಾಗ, ಯಾವುದರಿಂದ ಯಾವುದು ನಕಲಾಯಿತೆಂಬುದನ್ನು ಅವುಗಳ ತಪ್ಪುಗಳಿಂದಲೇ ನಿರ್ಣಯಿಸಬೇಕು. ಒಬ್ಬ ಲಿಪಿಕಾರನು ಕೈತಪ್ಪಿ ಒಂದಕ್ಷರವನ್ನು ಬದಲಿಸಿದರೆ, ಆ ಓಲೆಯನ್ನು ನೋಡಿ ಬರೆದವರ ಪ್ರತಿಗಳಲ್ಲಿಯೂ ಅದೇ ಸ್ಖಾಲಿತ್ಯ ಉಳಿಯುತ್ತದೆ. ಸಮಾನ ದೋಷವು ಸಮಾನ ಮೂಲವನ್ನು ಸೂಚಿಸುತ್ತದೆ. ಗ್ರಂಥಸಂಪಾದನೆಯ ಈ ನ್ಯಾಯವೇ ಇಂದು ಆಸ್ಪತ್ರೆಗಳಲ್ಲಿ ಪ್ರಾಣರಕ್ಷಣೆಯ ಸಾಧನವಾಗಿದೆಯೆಂದರೆ ಅನೇಕರಿಗೆ ಸೋಜಿಗವಾದೀತು.

ಪ್ರತಿಯೊಂದು ಬ್ಯಾಕ್ಟೀರಿಯಾದೊಳಗೂ ಡಿ.ಎನ್.ಎ. ಎಂಬ ಬರಹವಿದೆ. ಅದರ ಅಕ್ಷರಗಳು ನಾಲ್ಕೇ. ಆ ಸಮಗ್ರ ಬರಹಕ್ಕೆ ಜೀನೋಮ್ ಎಂದು ಹೆಸರು. ಬ್ಯಾಕ್ಟೀರಿಯಾ ಒಂದು ಎರಡಾಗುವಾಗಲೆಲ್ಲ ಈ ಬರಹದ ನಕಲು ನಡೆಯುತ್ತದೆ. ಅಪರೂಪಕ್ಕೊಮ್ಮೆ ಒಂದಕ್ಷರ ತಪ್ಪುತ್ತದೆ. ಆ ತಪ್ಪು ಮುಂದಿನ ಸಂತತಿಗೆ ಗುರುತಾಗಿ ಉಳಿಯುತ್ತದೆ.

ಇದರ ಉಪಯೋಗವು ಸ್ಪಷ್ಟವಾಗಿ ತಿಳಿದುಬಂದುದು ಅಮೆರಿಕದ ಮೇರಿಲ್ಯಾಂಡ್ ಪ್ರಾಂತದ ಬೆಥೆಸ್ಡಾದಲ್ಲಿರುವ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಆಸ್ಪತ್ರೆಯಲ್ಲಿ. 2011ರ ಜೂನ್ ತಿಂಗಳಲ್ಲಿ ನ್ಯೂಯಾರ್ಕಿನಿಂದ ಒಬ್ಬ ರೋಗಿ ಅಲ್ಲಿಗೆ ಬಂದರು. ಅವರ ದೇಹದಲ್ಲಿ ಕ್ಲೆಬ್ಸಿಯೆಲ್ಲಾ ನ್ಯುಮೋನಿಯೆ ಎಂಬ ಬ್ಯಾಕ್ಟೀರಿಯಾ ಇದ್ದಿತು. ಇದು ಆರೋಗ್ಯವಂತರ ಕರುಳಿನಲ್ಲಿ ಉಪದ್ರವವಿಲ್ಲದೆ ಇರಬಲ್ಲದು. ಶಕ್ತಿಗುಂದಿದವರ ರಕ್ತಕ್ಕೋ ಶ್ವಾಸಕೋಶಕ್ಕೋ ಇಳಿದರೆ ಮಾರಕ. ಅಲ್ಲಿ ಬಂದಿದ್ದ ತಳಿಯಾದರೋ ಕಾರ್ಬಪೆನೆಮ್ ಎಂಬ ಪ್ರಬಲ ಆಂಟಿಬಯೋಟಿಕ್‌ಗಳನ್ನೇ ಛೇದಿಸುವ ಕೆ.ಪಿ.ಸಿ. ಎಂಬ ಕಿಣ್ವವನ್ನು ಪಡೆದಿತ್ತು.

ವೈದ್ಯರು ಎಚ್ಚರದಿಂದಿದ್ದರು. ರೋಗಿಯನ್ನು ಪ್ರತ್ಯೇಕವಾಗಿರಿಸಿದರು, ಶುಶ್ರೂಷೆ ಮಾಡುವವರು ಕೈಗವಸು, ನಿಲುವಂಗಿಗಳನ್ನು ಧರಿಸಿದರು. ಜುಲೈ ಮಧ್ಯದಲ್ಲಿ ಆ ರೋಗಿ ಆಸ್ಪತ್ರೆಯಿಂದ ತೆರಳಿದಾಗ ಅಪಾಯ ಕಳೆಯಿತೆಂದೇ ಎಲ್ಲರೂ ಭಾವಿಸಿದರು. ಆದರೆ ಮೂರು ವಾರಗಳ ತರುವಾಯ ಮತ್ತೊಬ್ಬ ರೋಗಿಯಲ್ಲಿ ಅದೇ ಜಾತಿಯ ಬ್ಯಾಕ್ಟೀರಿಯಾ ಕಂಡಿತು. ಬಳಿಕ ಮತ್ತೊಬ್ಬರು, ಮಗದೊಬ್ಬರು. ಆ ವರ್ಷಾಂತ್ಯದೊಳಗೆ 18 ಜನರಿಗೆ ಅದು ತಗುಲಿತು. ಅವರಲ್ಲಿ 11 ಜನ ತೀರಿಕೊಂಡರು. 6 ಮರಣಗಳಿಗೆ ಈ ಸೋಂಕೇ ಕಾರಣವೆಂದು ನಿರ್ಣಯವಾಯಿತು.

ಇದು ಮೊದಲ ರೋಗಿಯಿಂದಲೇ ಹರಡಿತೋ, ಹೊರಗಿನಿಂದ ಹೊಸದಾಗಿ ಬಂದಿತೋ? ಆ ತಳಿಯು ಅಮೆರಿಕದಲ್ಲೆಲ್ಲ ವ್ಯಾಪಿಸಿದ್ದುದರಿಂದ ವಾಡಿಕೆಯ ಪರೀಕ್ಷೆಗಳು ಉತ್ತರಿಸಲಾರದಾದವು. ಆಗ ವಿಜ್ಞಾನಿಗಳು ರೋಗಿಗಳಿಂದ ಪಡೆದ ಬ್ಯಾಕ್ಟೀರಿಯಾಗಳ ಜೀನೋಮನ್ನು ಆದ್ಯಂತವಾಗಿ ಓದಿದರು. ಸುಮಾರು 60 ಲಕ್ಷ ಅಕ್ಷರಗಳ ಆ ಬರಹದಲ್ಲಿ ಪ್ರತಿಗಳ ನಡುವೆ ಭೇದವಿದ್ದುದು ಕೇವಲ 41 ಸ್ಥಾನಗಳಲ್ಲಿ. ಈ ಪಾಠಾಂತರಗಳನ್ನು ತಾಳೆಹಾಕಿದಾಗ ವಂಶಾವಳಿ ತೆರೆದುಕೊಂಡಿತು. ಮೂಲ ಆ ಮೊದಲ ರೋಗಿಯೇ. ಅವರಿಂದ ಬ್ಯಾಕ್ಟೀರಿಯಾ ಬೇರೆಬೇರೆ ಸಲ ಬೇರೆಯವರಿಗೆ ಸಾಗಿತ್ತು. ಕೆಲವರು ರೋಗಲಕ್ಷಣವಿಲ್ಲದೆಯೇ ಅದನ್ನು ಹೊತ್ತು ಇತರರಿಗೆ ದಾಟಿಸಿದ್ದರು. ಶುಚಿಗೊಳಿಸಿದ್ದ ಒಂದು ಉಸಿರಾಟದ ಯಂತ್ರದಲ್ಲಿ, ಕೈತೊಳೆಯುವ ತೊಟ್ಟಿಗಳ ಕೊಳವೆಗಳಲ್ಲಿಯೂ ಅದು ಅಡಗಿತ್ತು.

ಆದ್ದರಿಂದ ಅಸ್ವಸ್ಥರಾದವರನ್ನು ಮಾತ್ರ ನೋಡಿದರೆ ಸಾಲದು, ಆಸ್ಪತ್ರೆಯಲ್ಲಿರುವ ಎಲ್ಲರನ್ನೂ ಪರೀಕ್ಷಿಸಬೇಕೆಂಬುದು ದೃಢವಾಯಿತು. ಗೋಡೆ ಕಟ್ಟಿ ಬೇರೆ ವಿಭಾಗ ಮಾಡಿದರು. ಕೊಠಡಿಗಳನ್ನು ಹೈಡ್ರೋಜನ್ ಪೆರಾಕ್ಸೈಡ್ ಆವಿಯಿಂದ ಶುದ್ಧಿಗೊಳಿಸಿದರು. ಪ್ರತಿಯೊಬ್ಬರೂ ಕೈತೊಳೆಯುವರೋ ಇಲ್ಲವೋ ಎಂದು ನೋಡಲು ಕಾವಲಿಟ್ಟರು. ಹಬ್ಬುವಿಕೆ ನಿಂತಿತು. 2012ರ ಆಗಸ್ಟಿನಲ್ಲಿ ವಿಜ್ಞಾನಿಗಳು ಇದೆಲ್ಲವನ್ನೂ ಪ್ರಕಟಿಸಿದರು. ಸಾರ್ವಜನಿಕರಿಗೆ ವಿಷಯ ತಿಳಿದುದೂ ಆಗಲೇ; ಇಷ್ಟು ತಡವಾಯಿತೇಕೆಂಬ ಆಕ್ಷೇಪವೂ ಎದ್ದಿತು. ಆಕ್ಷೇಪ ನ್ಯಾಯವಾದುದೇ. ಆದರೂ ತಮ್ಮ ಮನೆಯ ಕೊಳೆಯನ್ನು ಲೋಕದ ಮುಂದಿಟ್ಟುದರಿಂದಲೇ ಇತರ ಆಸ್ಪತ್ರೆಗಳು ಪಾಠ ಕಲಿಯುವಂತಾಯಿತೆಂಬುದನ್ನು ಮರೆಯಲಾಗದು.

ಈ ವಿಷಯ ನಮಗೆ ದೂರದ್ದಲ್ಲ. ಕಾರ್ಬಪೆನೆಮ್‌ಗಳನ್ನು ಮುರಿಯುವ ಎನ್.ಡಿ.ಎಂ.-1 ಎಂಬ ಇನ್ನೊಂದು ಕಿಣ್ವಕ್ಕೆ 2009ರಲ್ಲಿ ಹೊಸದಿಲ್ಲಿಯ ಹೆಸರೇ ಅಂಟಿತು. ಇಂತಹ ಶಕ್ತಿಯನ್ನು ಕೊಡುವ ವಂಶವಾಹಿಯು ಒಂದು ಬ್ಯಾಕ್ಟೀರಿಯಾದಿಂದ ನೆರೆಯ ಬೇರೊಂದು ಜಾತಿಯ ಬ್ಯಾಕ್ಟೀರಿಯಾಕ್ಕೂ ದಾಟಬಲ್ಲದು. 2019ರಲ್ಲಿ ಜಗತ್ತಿನಲ್ಲಿ ಮದ್ದಿಗೆ ಮಣಿಯದ ಬ್ಯಾಕ್ಟೀರಿಯಾಗಳಿಂದಲೇ ಸುಮಾರು 12 ಲಕ್ಷ 70 ಸಾವಿರ ಜನ ಸತ್ತರೆಂಬುದು ತಜ್ಞರ ಅಂದಾಜು. ಬೆಂಗಳೂರಿನ ಕೆಂಪೇಗೌಡ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಕೇಂದ್ರೀಯ ಸಂಶೋಧನಾ ಪ್ರಯೋಗಾಲಯದಲ್ಲಿ ನಮ್ಮ ದೇಶದ ಆಸ್ಪತ್ರೆಗಳ ಇಂತಹ ಬ್ಯಾಕ್ಟೀರಿಯಾಗಳ ಜೀನೋಮನ್ನು ಓದುವ ಕಾರ್ಯ ನಡೆದಿರುವುದು ಸಮಾಧಾನದ ಸಂಗತಿ.

ಜೀನೋಮನ್ನು ಓದುವುದು ವಿಜ್ಞಾನಿಗಳ ಕೆಲಸ. ಗೃಹಸ್ಥರ ಕೆಲಸವೂ ಒಂದಿಷ್ಟಿದೆ. ನೆಗಡಿ ಸಾಮಾನ್ಯವಾಗಿ ವೈರಸ್ಸಿನಿಂದ ಬರುವಂಥದು. ಅದಕ್ಕೆ ಆಂಟಿಬಯೋಟಿಕ್ ಮಾತ್ರೆ ನಿರರ್ಥಕ. ವೈದ್ಯರ ಚೀಟಿಯಿಲ್ಲದೆ ಔಷಧದ ಅಂಗಡಿಯಲ್ಲಿ ಅದನ್ನು ಕೇಳಕೂಡದು. ಮನೆಯಲ್ಲಿ ಒಬ್ಬರಿಗೆ ಕೊಟ್ಟು ಉಳಿದ ಮಾತ್ರೆಯನ್ನು ಇನ್ನೊಬ್ಬರಿಗೆ ನುಂಗಿಸಕೂಡದು. ವೈದ್ಯರು ಹೇಳಿದಷ್ಟು ದಿನ, ಹೇಳಿದ ಹೊತ್ತಿಗೆ ಸೇವಿಸಬೇಕು.

ರೋಗಿಯನ್ನು ಕಾಣಹೋಗುವುದು ನಮ್ಮಲ್ಲಿ ಬಾಂಧವ್ಯದ ಕರ್ತವ್ಯ. ಅದನ್ನು ಬಿಡಿರೆಂದು ಯಾರೂ ಹೇಳಲಾರರು. ಆದರೆ ಹತ್ತು ಜನ ಗುಂಪಾಗಿ ಹೋಗುವುದು, ಹಾಸಿಗೆಯ ಮೇಲೆಯೇ ಕುಳಿತುಕೊಳ್ಳುವುದು, ಒಬ್ಬ ರೋಗಿಯ ಮೈದಡವಿದ ಕೈಯಿಂದಲೇ ಪಕ್ಕದ ಹಾಸಿಗೆಯವರನ್ನು ಮುಟ್ಟುವುದು ಇವುಗಳನ್ನು ಬಿಡಬಹುದಷ್ಟೆ. ಒಳಹೋಗುವಾಗಲೂ ಹೊರಬರುವಾಗಲೂ ಕೈತೊಳೆಯಿರಿ. ವೈದ್ಯರಾಗಲಿ ದಾದಿಯರಾಗಲಿ ಕೈತೊಳೆಯದೆ ಬಂದರೆ, ‘ದಯವಿಟ್ಟು ಕೈತೊಳೆದುಕೊಂಡು ಬನ್ನಿ’ ಎಂದು ವಿನಯದಿಂದ ಕೇಳಲು ಸಂಕೋಚಪಡಬೇಡಿರಿ. ಹಾಸಿಗೆ ಹಿಡಿದವರ ಪರವಾಗಿ ಆ ಮಾತನ್ನಾಡಬೇಕಾದವರು ಬಳಿಯಲ್ಲಿರುವ ಮನೆಯವರೇ.