ಯಾರ ಮಧ್ಯ, ಯಾರ ನಡು?

ದುಬೈ, ದೋಹಾ, ಬಾಗ್ದಾದ್‌ಗಳ ಸುದ್ದಿ ಬಂದಾಗಲೆಲ್ಲ ನಮ್ಮ ಪತ್ರಿಕೆಗಳಲ್ಲಿ 'ಮಧ್ಯಪ್ರಾಚ್ಯ' ಕಾಣಿಸಿಕೊಳ್ಳುತ್ತದೆ. ಪ್ರಾಚ್ಯ ಎಂದರೆ ಪೂರ್ವದ್ದು. ಮಂಗಳೂರಿನ ಕಡಲ ದಂಡೆಯಲ್ಲಿ ನಿಂತವರಿಗೆ ಈ ಊರುಗಳೆಲ್ಲ ಸೂರ್ಯ ಮುಳುಗುವ ಕಡೆಗಿವೆ. ಪಡುವಣವನ್ನು ಮೂಡಣವೆಂದು ಅಚ್ಚುಹಾಕಿ, ಅದಕ್ಕೊಂದು 'ಮಧ್ಯ'ವನ್ನೂ ಅಂಟಿಸಿ, ಯಾರೂ ನಗದೆ ಓದಿಕೊಂಡು ಹೋಗುತ್ತೇವೆ. ಇದನ್ನು ಬರೀ ಪದದ ಜಗಳ ಎನ್ನುವವರೊಡನೆ ನನಗೆ ತಕರಾರಿದೆ.

ಇಂಗ್ಲಿಷಿನ 'ಮಿಡಲ್ ಈಸ್ಟ್' ಹಬ್ಬಿದ್ದು 1902ರಲ್ಲಿ, ಅಮೆರಿಕದ ನೌಕಾ ಚಿಂತಕ ಆಲ್ಫ್ರೆಡ್ ಥೇಯರ್ ಮಹಾನ್ ಪರ್ಶಿಯನ್ ಕೊಲ್ಲಿಯ ಬಗ್ಗೆ ಲಂಡನ್ನಿನ ಪತ್ರಿಕೆಯೊಂದಕ್ಕೆ ಬರೆದ ಲೇಖನದಿಂದ. 'ದಿ ಟೈಮ್ಸ್'ನ ವ್ಯಾಲೆಂಟೈನ್ ಚಿರೋಲ್ ಅದನ್ನೆತ್ತಿಕೊಂಡು ಲೇಖನಮಾಲೆ ಬರೆದ, ಮರುವರ್ಷ ಪುಸ್ತಕವನ್ನೂ ತಂದ. ಆ ಪುಸ್ತಕದ ಉಪಶೀರ್ಷಿಕೆಯಲ್ಲೇ ಭಾರತದ ರಕ್ಷಣೆಯ ಮಾತಿದೆ. ನಮ್ಮ ರಕ್ಷಣೆಯಲ್ಲ, ಬ್ರಿಟಿಷರ ಸ್ವತ್ತಿನ ರಕ್ಷಣೆ. ತುರ್ಕರ ನಾಡು ಲಂಡನ್ನಿಗೆ ಹತ್ತಿರದ ಪೂರ್ವ, ಚೀನಾ ದೂರದ ಪೂರ್ವ, ಇವೆರಡರ ನಡುವೆ ಭಾರತಕ್ಕೆ ಬರುವ ದಾರಿ ಕಾಯುವ ಜಾಗ ಮಧ್ಯದ ಪೂರ್ವ. ಇದೇ ಚಿರೋಲ್ ಮುಂದೆ ತಿಲಕರನ್ನು ಭಾರತದ ಅಶಾಂತಿಯ ಜನಕನೆಂದು ಬರೆದ. ತಿಲಕರು ಲಂಡನ್ನಿನಲ್ಲಿ ಮಾನನಷ್ಟದ ದಾವೆ ಹೂಡಿ 1919ರಲ್ಲಿ ಸೋತರು. ಅಂಥವನ ನಕ್ಷೆಯನ್ನು ನಾವು ಸಂಸ್ಕೃತದ ಪದ ಹೊದಿಸಿ ಜೋಪಾನ ಮಾಡಿದ್ದೇವೆ. ದೆಹಲಿಯ ವಿದೇಶಾಂಗ ಇಲಾಖೆಯೇ 'ಪಶ್ಚಿಮ ಏಷ್ಯಾ' ಎನ್ನುತ್ತದೆ. ಅಲ್ಲಿ ದುಡಿಯಲು ಹೋದ ಕರಾವಳಿಯವರಂತೂ ಸರಳವಾಗಿ 'ಗಲ್ಫ್' ಎನ್ನುತ್ತಾರೆ. ಸುದ್ದಿಮನೆಗೆ ಮಾತ್ರ ಇನ್ನೂ ಲಂಡನ್ನಿನ ಕಿಟಕಿ.

ಇಂಗ್ಲಿಷಿನ 'ಮಧ್ಯ'ಗಳು ಹೆಚ್ಚಾಗಿ ಹೀಗೇ, ಹೆಸರಿಟ್ಟವನು ನಿಂತ ಜಾಗವನ್ನು ಹೇಳುತ್ತವೆ. ಮೆಡಿಟರೇನಿಯನ್ ಎಂದರೆ ನೆಲದ ನಡುವಣ ಕಡಲು. ಅದರ ಸುತ್ತ ಬಾಳಿದವರಿಗೆ ಸರಿ. ನಾವು 'ಭೂಮಧ್ಯ ಸಮುದ್ರ' ಎಂದೆವು, ಸಮಭಾಜಕಕ್ಕೂ 'ಭೂಮಧ್ಯ ರೇಖೆ' ಎಂದೆವು. ಆ ರೇಖೆ ಆ ಸಮುದ್ರವನ್ನು ಎಲ್ಲೂ ಮುಟ್ಟುವುದಿಲ್ಲ. ವಿಮರ್ಶಕರ ಮೆಚ್ಚಿನ ಬೈಗುಳ 'ಮೀಡಿಯೋಕರ್' ಕೂಡ ಈ ಕುಲದ್ದೇ: ಲ್ಯಾಟಿನ್ನಿನಲ್ಲಿ ಬೆಟ್ಟದ ಅರ್ಧಕ್ಕೆ ಏರಿದ್ದು ಎಂದರ್ಥ. ಅರ್ಧ ಬೆಟ್ಟ ಹತ್ತಿದವರನ್ನು ಬುಡದಲ್ಲೇ ಕುಳಿತವರು ಹೀಗೆ ಬೈಯುವುದನ್ನು ನಾನು ಬಹಳ ಕೇಳಿದ್ದೇನೆ.

ನನ್ನ ನಿಜವಾದ ಸಿಟ್ಟು ಸಾಹಿತ್ಯ ಚರಿತ್ರೆಯ ಮೇಲೆ. 'ಮೆಡೀವಲ್' ಎಂಬುದು ರೋಮಿನ ವೈಭವಕ್ಕೂ ತಮ್ಮ ಪುನರುಜ್ಜೀವನಕ್ಕೂ ನಡುವಿನದನ್ನು ತಗ್ಗೆಂದು ಕಂಡ ಯುರೋಪಿನ ಪಂಡಿತರ ಲೆಕ್ಕಾಚಾರ. ಹನ್ನೆರಡನೆಯ ಶತಮಾನದ ಕಲ್ಯಾಣಕ್ಕೆ ಯಾವ ರೋಮ್ ಬಿದ್ದಿತ್ತು? ಆದರೂ ಬಸವಣ್ಣ, ಅಕ್ಕ 'ಮಧ್ಯಯುಗೀನ'ರು. ಪ್ರಶ್ನೆಪತ್ರಿಕೆಯಲ್ಲಿ ಆ ಪದ ಕಂಡ ವಿದ್ಯಾರ್ಥಿ ಕತ್ತಲೆ, ಮೌಢ್ಯ ಎಂದೇ ಉತ್ತರ ಶುರುಮಾಡುತ್ತಾನೆ. ಜಾತಿಯನ್ನು ಎದುರಿಸಿದ, ಹೆಣ್ಣುಮಕ್ಕಳು ಅಷ್ಟು ಸಂಖ್ಯೆಯಲ್ಲಿ ಬರೆದ ಕಾಲಕ್ಕೆ ಈ ಹಣೆಪಟ್ಟಿ!

'ನಡುಗನ್ನಡ'ವೂ ಅದೇ ಅಚ್ಚಿನದು. ಜರ್ಮನ್ ಭಾಷೆಗೆ ಯಾಕೋಬ್ ಗ್ರಿಮ್ ಹಳೆ–ನಡು–ಹೊಸ ಎಂಬ ವಿಂಗಡಣೆ ಮಾಡಿದ. ಇಂಗ್ಲಿಷಿನವರೂ 'ಮಿಡಲ್ ಇಂಗ್ಲಿಷ್' ಎಂದರು. ಕವಿರಾಜಮಾರ್ಗದಲ್ಲಿ ಹಳಗನ್ನಡದ ಪ್ರಸ್ತಾಪ ಉಂಟು, ಏಕೆಂದರೆ ಹಳತು ಎನ್ನಲು ಇಂದಿನಲ್ಲಿ ನಿಂತರೆ ಸಾಕು. ನಡು ಎನ್ನಲು ಎರಡೂ ತುದಿ ಕಂಡಿರಬೇಕು. 'ಪಾಲು' ಹೋಗಿ 'ಹಾಲು' ಬಂದ ಬಗೆಯನ್ನು ವಿವರಿಸುವ ಭಾಷಾವಿಜ್ಞಾನಿಗೆ ಆ ಪದ ಬೇಕಾದರೆ ಇಟ್ಟುಕೊಳ್ಳಲಿ. ಹರಿಹರನ ರಗಳೆ, ರಾಘವಾಂಕನ ಷಟ್ಪದಿ, ಕುಮಾರವ್ಯಾಸನ ಭಾಮಿನಿ ಮಾತ್ರ ಪಂಪನಿಂದ ಕುವೆಂಪುವಿಗೆ ಹೋಗುವ ಬಸ್ಸಿನ ನಡುವಣ ನಿಲ್ದಾಣಗಳಲ್ಲ. ಆ ಅಧ್ಯಾಯಕ್ಕೆ 'ರಗಳೆ, ಷಟ್ಪದಿಗಳ ಕಾಲ' ಎಂದು ಹೆಸರಿಟ್ಟರೆ ಪಠ್ಯಪುಸ್ತಕ ಸಮಿತಿಗಳಿಗೆ ಆಗುವ ನಷ್ಟವೇನು ಎಂದು ಯಾರಾದರೂ ನನಗೆ ಹೇಳಲಿ.